ಬೀಭತ್ಸಕ್ಕೂ ಒಂದು ಲಯ: ಡೆತ್ ಮೆಟಲ್ ಸಂಗೀತದ ಪೂರ್ವಾಪರ

ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಲ್ಲಿ ಸಂಜೆಯ ಹೊತ್ತು ಎರಡು ಬಗೆಯ ಸಂಗೀತ ಕೇಳಿಬರುತ್ತದೆ. ಕೆಳಗೆ ನಮ್ಮ ರೇಡಿಯೋ ಕಲ್ಯಾಣಿಯನ್ನೋ ಕಾಂಬೋದಿಯನ್ನೋ ಹಾಡುತ್ತಿರುತ್ತದೆ. ಮಹಡಿಯಲ್ಲಿ ಬಾಡಿಗೆಗಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೊಠಡಿಯಿಂದ, ಹುಲಿಯೊಂದು ಬಾವಿಗೆ ಬಿದ್ದು ಗರ್ಜಿಸುವಂಥ ಸದ್ದು ಇಳಿದುಬರುತ್ತದೆ. ಓದುಗರೇ, ನಿಮ್ಮ ನೆರೆಯಲ್ಲಿಯೂ ಈ ಅನುಭವ ಆಗಿದ್ದೀತು. ‘ಇದೂ ಒಂದು ಸಂಗೀತವೇ?’ ಎಂದು ನೀವೂ ಕೇಳಿದ್ದೀರಿ. ಕೇಳಿದ್ದರಲ್ಲಿ ತಪ್ಪಿಲ್ಲ. ಉತ್ತರವನ್ನು ಹುಡುಕದೆಯೇ ತೀರ್ಪು ಕೊಟ್ಟದ್ದು ಮಾತ್ರ ನನ್ನ ತಪ್ಪು.

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಗೆ ಹಳಗನ್ನಡ ಪದ್ಯವೊಂದನ್ನು ಪಾಠ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ನೋಟುಪುಸ್ತಕದಲ್ಲಿ ಮುಳ್ಳುಕಂಟಿಯಂತೆ ಹೆಣೆದುಕೊಂಡ ಅಕ್ಷರಗಳನ್ನು ಬಿಡಿಸುತ್ತಿದ್ದ. ಅದೇನೆಂದು ಕೇಳಿದೆ. “ಡೆತ್ ಮೆಟಲ್ ತಂಡದ ಹೆಸರು, ಸಾರ್” ಎಂದ. ಪಾಠದ ಹೊತ್ತಿನಲ್ಲಿ ಸಾವಿನ ಹೆಸರು ಬರೆಯುತ್ತೀಯಾ ಎಂದು ಗದರಿ, ಹಾಳೆಯನ್ನು ಹರಿದುಹಾಕಿ, ಪಾಠ ಮುಗಿಯುವವರೆಗೂ ಅವನನ್ನು ನಿಲ್ಲಿಸಿದೆ. ಆ ವರ್ಷ ಮುಗಿಯುವವರೆಗೆ ಅವನು ನನ್ನ ತರಗತಿಯಲ್ಲಿ ತಾನಾಗಿ ಬಾಯಿ ತೆರೆಯಲಿಲ್ಲ. ಮುಂದೊಂದು ದಿನ ಮಹಡಿಯ ಹುಡುಗರನ್ನು ಕೂರಿಸಿಕೊಂಡು ಈ ಸಂಗೀತದ ವೃತ್ತಾಂತವನ್ನು ಕೇಳಿದೆ, ದೊರೆತಷ್ಟನ್ನು ಓದಿದೆ. ತಿಳಿದುದನ್ನು ನಿಮ್ಮ ಮುಂದಿಡುತ್ತೇನೆ.

ಈ ಸಂಗೀತದ ಅಜ್ಜನ ಮನೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ 17 ವರ್ಷದ ತರುಣನ ಬಲಗೈಯ ಎರಡು ಬೆರಳುಗಳ ತುದಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಎಡಚನಾದ ಆತನಿಗೆ ಗಿಟಾರಿನ ತಂತಿಯನ್ನು ಒತ್ತುವ ಕೈಯೇ ಅದು. ಆತ ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳು ತಂತಿಗಳನ್ನು ಬಿಗಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದ. ಆತನ ‘ಬ್ಲ್ಯಾಕ್ ಸ್ಯಾಬತ್’ ತಂಡದ ಮೊದಲ ಧ್ವನಿಮುದ್ರಿಕೆ 1970ರಲ್ಲಿ ಹೊರಬಂತು. ಅದರ ಮೊದಲ ಗೀತೆ ನಿಂತಿರುವುದು ಷಡ್ಜ ಮತ್ತು ಪ್ರತಿಮಧ್ಯಮಗಳ ಅಂತರದ ಮೇಲೆ. ಪಾಶ್ಚಾತ್ಯರು ಈ ಅಂತರವನ್ನು ‘ಸಂಗೀತದಲ್ಲಿನ ಸೈತಾನ’ ಎಂದು ಕರೆದದ್ದುಂಟು. ನಮಗಾದರೋ 72 ಮೇಳಗಳಲ್ಲಿ 36 ಪ್ರತಿಮಧ್ಯಮದವೇ! ಒಬ್ಬರ ಸೈತಾನ ಇನ್ನೊಬ್ಬರ ಕಲ್ಯಾಣಿ.

ಮುಂದಿನ ಹದಿನೈದು ವರ್ಷಗಳಲ್ಲಿ ಈ ‘ಹೆವಿ ಮೆಟಲ್’ ಸಂಗೀತವು ವೇಗವನ್ನು ಕೂಡಿಸಿಕೊಂಡು ಅಮೆರಿಕದ ತರುಣರ ಕೈಗೆ ಬಂತು. ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದ ‘ಪೊಸೆಸ್ಡ್’ ತಂಡದವರು ಆಗಿನ್ನೂ ಹೈಸ್ಕೂಲಿನ ಹುಡುಗರು. 1984ರಲ್ಲಿ ಅವರು ಹಂಚಿದ ಮಾದರಿ ಕ್ಯಾಸೆಟ್ಟಿನ ಹೆಸರೇ ‘ಡೆತ್ ಮೆಟಲ್’. ಮರುವರ್ಷದ ‘ಸೆವೆನ್ ಚರ್ಚಸ್’ ಎಂಬ ಧ್ವನಿಮುದ್ರಿಕೆಯನ್ನು ಅವರು ಸಿದ್ಧಪಡಿಸಿದ್ದು ಶಾಲೆಗೆ ಈಸ್ಟರ್ ರಜೆ ಇದ್ದಾಗ. ‘ಡೆತ್ ಮೆಟಲ್’ ಎಂಬ ಹೆಸರು ತನಗೆ ಹೊಳೆದದ್ದು ಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಎಂದು ಅದರ ಗಾಯಕ ಜೆಫ್ ಬೆಸೆರಾ ಹೇಳಿಕೊಂಡಿದ್ದಾರೆ. ಭಾಷಾ ತರಗತಿಯಲ್ಲಿ! ಇದನ್ನು ಓದಿದಾಗ ನಾನು ಹರಿದ ಹಾಳೆ ಕಣ್ಣ ಮುಂದೆ ಬಂತು.

ಈ ಪಂಥಕ್ಕೆ ರೂಪ ಕೊಟ್ಟವರಲ್ಲಿ ಫ್ಲಾರಿಡಾದ ಚಕ್ ಶುಲ್ಡಿನರ್ ಮುಖ್ಯರು. ಅವರು 1967ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿಯೇ 16 ವರ್ಷದ ಅಣ್ಣ ತೀರಿಕೊಂಡ. ಮಗುವಿನ ದುಃಖ ಕರಗಲೆಂದು ತಂದೆತಾಯಿ ಗಿಟಾರೊಂದನ್ನು ತಂದುಕೊಟ್ಟರು. ಮೇಷ್ಟರು ಕಲಿಸಿದ ಶಿಶುಗೀತೆ ರುಚಿಸದೆ ಪಾಠವನ್ನು ಬಿಟ್ಟು ತಾನೇ ಕಲಿತ ಆ ಬಾಲಕ, 1983ರಲ್ಲಿ ಕಟ್ಟಿದ ತಂಡಕ್ಕೆ ಮರುವರ್ಷ ಇಟ್ಟ ಹೆಸರು ‘ಡೆತ್’. ಅಂದರೆ ಸಾವು. 1987ರಲ್ಲಿ ಬಂದ ಅವರ ‘ಸ್ಕ್ರೀಮ್ ಬ್ಲಡಿ ಗೋರ್’ ಈ ಪಂಥದ ಆದಿಕೃತಿಗಳಲ್ಲಿ ಒಂದೆಂದು ಗಣಿತವಾಗಿದೆ. ಮೊದಲು ರಕ್ತಮಾಂಸಗಳನ್ನು ಹಾಡಿದವರು 1991ರ ‘ಹ್ಯೂಮನ್’ ಹೊತ್ತಿಗೆ ಮನುಷ್ಯನ ಅಂತರಂಗದತ್ತ ತಿರುಗಿದ್ದರು. ಮಿದುಳಿನ ಗಂತಿಯಿಂದ ನರಳಿ, 2001ರ ಡಿಸೆಂಬರ್ 13ರಂದು, 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಾವನ್ನು ಆಟಕ್ಕೆ ಹಾಡಿದವರೆಂದು ಇವರನ್ನು ಹೇಗೆ ಹೇಳೋಣ?

ಫ್ಲಾರಿಡಾದ ಟ್ಯಾಂಪಾ ನಗರದ ‘ಮಾರಿಸೌಂಡ್’ ಮುದ್ರಣಾಲಯದಲ್ಲಿ ಈ ಪಂಥದ ಅನೇಕ ಪ್ರಸಿದ್ಧ ಕೃತಿಗಳು ಧ್ವನಿಮುದ್ರಿತವಾದವು. (ಪಂಡಿತರು ಗಾಬರಿಯಾಗಬೇಕಿಲ್ಲ, ಹೆಸರಿನಲ್ಲಿರುವುದು ನಮ್ಮ ಮಾರಿಯಲ್ಲ, ಮಾರಿಸ್ ಸಹೋದರರು.) 1989ರಲ್ಲಿ ‘ಮಾರ್ಬಿಡ್ ಏಂಜೆಲ್’ ತಂಡದ ಮೊದಲ ಕೃತಿಯೂ, 1990ರಲ್ಲಿ ಸ್ವೀಡನ್ನಿನಲ್ಲಿ ‘ಎಂಟೂಂಬ್ಡ್’ ತಂಡದ ಮೊದಲ ಕೃತಿಯೂ ಬಂದವು. ಊರಿಂದೂರಿಗೆ ಇದು ಹಬ್ಬಿದ್ದು ಬಹುಮಟ್ಟಿಗೆ ಅಂಚೆಯ ಮೂಲಕ, ತರುಣರು ಒಬ್ಬರಿಗೊಬ್ಬರು ನಕಲು ಮಾಡಿ ಕಳುಹಿಸಿದ ಕ್ಯಾಸೆಟ್ಟುಗಳಲ್ಲಿ.

ಇನ್ನು ಲಕ್ಷಣಗಳು. ರೇಡಿಯೋದ ಧ್ವನಿಯನ್ನು ಮಿತಿಮೀರಿ ಏರಿಸಿದರೆ ಸ್ವರ ಒಡೆದು ಕರಕರ ಎನ್ನುವುದನ್ನು ನೀವು ಬಲ್ಲಿರಿ. ನಾವು ದೋಷವೆಂದು ತಗ್ಗಿಸುವ ಅದನ್ನೇ ಇವರು ಗುಣವೆಂದು ಬೇಕೆಂತಲೇ ಉಂಟುಮಾಡುತ್ತಾರೆ. ಗಿಟಾರಿನ ನಾದ ದಪ್ಪನಾಗಿ, ಒರಟಾಗಿ ಹೊರಡುವುದು ಇದರಿಂದ. ಎರಡನೆಯದು, ತಗ್ಗಿಸಿದ ಶ್ರುತಿ. ಮೂರನೆಯದು, ಒಂದೇ ಸ್ವರವನ್ನು ಎಡೆಬಿಡದೆ ಅತಿವೇಗದಿಂದ ಮೀಟುವುದು. ನಾಲ್ಕನೆಯದು, ಎರಡು ಕಾಲುಗಳಿಂದಲೂ ನುಡಿಸುವ ದೊಡ್ಡ ಡ್ರಮ್ಮಿನ ಮೊಳಗು ಮತ್ತು ನಿಮಿಷಕ್ಕೆ 200ನ್ನೂ ಮೀರಬಲ್ಲ ಬಡಿತ. ನಡುವೆ ಹಠಾತ್ತನೆ ಲಯ ಬದಲಾಗುತ್ತದೆ. ಕೇಳಿದ ಮೊದಲ ದಿನ ಅದು ನನಗೆ ಗದ್ದಲ. ಕೈಯಲ್ಲಿ ತಾಳ ಹಾಕುತ್ತಾ ಕೇಳಿದ ದಿನ, ಎಲ್ಲಿಯೂ ಒಂದು ಏಟು ತಪ್ಪಿಲ್ಲವೆಂದು ಕಂಡೆ. ಕೊನೆಯದು ಆ ಗರ್ಜನೆ. ಗಂಟಲಿನ ಧ್ವನಿತಂತುಗಳ ಮೇಲ್ಗಡೆಯ ಹುಸಿತಂತುಗಳನ್ನು ಕಂಪಿಸಿ ಅದನ್ನು ಹೊರಡಿಸುತ್ತಾರೆ. ಅದು ಸಿದ್ಧಿಸುವುದು ಅಭ್ಯಾಸದಿಂದ. ಅಭ್ಯಾಸವಿಲ್ಲದೆ ಅನುಕರಿಸಿದರೆ ಗಂಟಲು ಕೆಡುತ್ತದೆ.

ನಮ್ಮ ಬೆಂಗಳೂರು ಇದಕ್ಕೆ ದೂರದ ಊರೇನಲ್ಲ. ‘ಮಿಲೇನಿಯಮ್’ ಎಂಬ ಹೆವಿ ಮೆಟಲ್ ತಂಡ 1988ರಲ್ಲಿ ಇಲ್ಲಿ ಹುಟ್ಟಿತು. 1991ರಲ್ಲಿ ‘ಡೈಯಿಂಗ್ ಎಂಬ್ರೇಸ್’ ಆರಂಭವಾಯಿತು. ವಿಳಂಬದ ಭಾರವನ್ನೂ ಡೆತ್ ಮೆಟಲಿನ ಗರ್ಜನೆಯನ್ನೂ ಕೂಡಿಸಿದ ಈ ತಂಡ ಭಾರತದಲ್ಲಿ ಈ ಪಂಥದ ಮೊದಲಿಗರ ಪೈಕಿಯದು. 1998ರಲ್ಲಿ ‘ಮೈಂಡ್‌ಸ್ನೇರ್’ ಬಂತು. ಮನೆಮನೆಗೆ ಇಂಟರ್ನೆಟ್ ಬಾರದಿದ್ದ ಆ ದಿನಗಳಲ್ಲಿ ನಮ್ಮ ಹುಡುಗರಿಗೂ ನಕಲು ಕ್ಯಾಸೆಟ್ಟೇ ಗುರು. ಕೇಳುಗರ ಬಳಗ ಬೆಳೆಯುತ್ತ ಹೋಗಿ, 2007ರ ಮಾರ್ಚ್ 17ರಂದು ಹೆವಿ ಮೆಟಲಿನ ಹಿರಿಯರಾದ ‘ಐರನ್ ಮೇಡನ್’ ತಂಡದವರು ಅರಮನೆ ಮೈದಾನಕ್ಕೆ ಬಂದಾಗ ಸಾವಿರಾರು ಜನ ನೆರೆದರು.

ಆದರೂ ನೀವು ಕೇಳುವಿರಿ: ಹೆಣ, ರಕ್ತ, ಕೊಳೆತ ಮಾಂಸ, ಇವೂ ಕಲೆಯ ವಸ್ತುವೇ? ಕನ್ನಡ ಪಂಡಿತನಾದ ನನಗೆ ಈ ಪ್ರಶ್ನೆ ಕೇಳುವ ಅಧಿಕಾರವಿಲ್ಲ. ಭರತಮುನಿಯ ಎಂಟು ರಸಗಳಲ್ಲಿ ಭಯಾನಕವೂ ಬೀಭತ್ಸವೂ ಸೇರಿವೆ. ರನ್ನನ ದುರ್ಯೋಧನ ಹೆಣಗಳ ನಡುವೆ ಕಾಲಿಡುತ್ತ ನಡೆಯುತ್ತಾನೆ. ಮರುಳುಗಳು ಅವನನ್ನು ಮೂದಲಿಸುತ್ತವೆ. 1209ರಲ್ಲಿ ಜನ್ನ ಬರೆದ ಯಶೋಧರಚರಿತೆಯ ಮಾರಿಗುಡಿಯನ್ನು ಓದಿ ಮೈ ಜುಮ್ಮೆನ್ನದವರಿಲ್ಲ. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿ, ಚಂಡೆ ಮೊಳಗಿದಾಗ, ತೊಡೆಯ ಮೇಲಿನ ಮಕ್ಕಳು ಬೆದರುತ್ತಾರೆ. ನಾಳೆಯೂ ಆಟಕ್ಕೆ ಹೋಗೋಣವೆನ್ನುತ್ತಾರೆ. ಭಯವನ್ನು ಲಯದೊಳಗೆ ಕಟ್ಟಿ ಎದುರಿಗಿಟ್ಟುಕೊಂಡರೆ ಮನುಷ್ಯ ಅದನ್ನು ನೋಡಬಲ್ಲ. ಕಟ್ಟದೆ ಬಿಟ್ಟರೆ ಅದು ಅವನನ್ನು ನುಂಗುತ್ತದೆ. ಅಣ್ಣನನ್ನು ಕಳೆದುಕೊಂಡ ಬಾಲಕನ ಕೈಗೆ ಗಿಟಾರು ಕೊಟ್ಟ ತಂದೆತಾಯಿಗೆ ಇದು ತಿಳಿದಿತ್ತೆಂದು ತೋರುತ್ತದೆ.

ಹಾಗೆಂದು ಈ ಪಂಥದಲ್ಲಿ ಎಲ್ಲವೂ ಒಳ್ಳೆಯದೆಂದು ನಾನು ಹೇಳಲಾರೆ. ಹೆಂಗಸರ ಮೇಲಿನ ಹಿಂಸೆಯನ್ನು ಚಪ್ಪರಿಸಿ ಹೇಳುವ ಗೀತೆಗಳು ಇದರಲ್ಲಿವೆ. ಅಮೆರಿಕದ ‘ಕ್ಯಾನಿಬಲ್ ಕಾರ್ಪ್ಸ್’ ತಂಡದ ಮೊದಲ ಮೂರು ಧ್ವನಿಮುದ್ರಿಕೆಗಳ ಹಾಡುಗಳನ್ನು 2006ರವರೆಗೆ ಜರ್ಮನಿಯಲ್ಲಿ ವೇದಿಕೆಯ ಮೇಲೆ ಹಾಡಗೊಡುತ್ತಿರಲಿಲ್ಲ. ರನ್ನನ ಬೀಭತ್ಸದಲ್ಲಿ ಕುಲಕ್ಷಯದ ಶೋಕವಿದೆ. ಜನ್ನನದರ ಹಿಂದೆ ಜೀವದಯೆಯಿದೆ. ಹಿಂದೆ ಏನೂ ಇಲ್ಲದ ಬೀಭತ್ಸ ಬರಿಯ ಹೇಸಿಗೆ. ಆದರೆ ಈ ವಿವೇಚನೆಯನ್ನು ಮಕ್ಕಳಿಗೆ ಹೇಳಿಕೊಡಬೇಕಾದವನು ಮೊದಲು ಅವರ ಜೊತೆ ಕುಳಿತು ಕೇಳಬೇಕು.

ನಿಮ್ಮ ಮನೆಯ ಕೊಠಡಿಯಿಂದಲೂ ಈ ಸದ್ದು ಬಂದರೆ, ಬಾಗಿಲು ತಟ್ಟಿ, “ಇದು ಯಾರದಪ್ಪಾ?” ಎಂದು ಕೇಳಿ ನೋಡಿ. ಅಂದು ನಾನು ಅಷ್ಟನ್ನೂ ಮಾಡಲಿಲ್ಲ. ಆ ಹುಡುಗ ಬರೆದಿದ್ದ ಹೆಸರು ಯಾವುದೆಂದು ಇಂದಿಗೂ ನಾನರಿಯೆ. ಓದುವುದನ್ನು ಕಲಿಸುವ ಮೇಷ್ಟರು, ಹರಿಯುವ ಮುನ್ನ ಅದನ್ನು ಓದಿ ನೋಡಲಿಲ್ಲ.