ಸಿಪಾಯಿಗೆ ತವರ, ಜನರಲ್‌ಗೆ ಚಿನ್ನ: ಶ್ರೀರಂಗಪಟ್ಟಣದ ಕುಂಪಣಿ ಪದಕ

ಜಿಲ್ಲಾ ವರದಿಗಾರರಾದ ನಮಗೆ ಶ್ರೀರಂಗಪಟ್ಟಣ ಎಂದರೆ ಯಾವಾಗಲೂ ಸುದ್ದಿಯ ಊರು. ಕಾವೇರಿಯಲ್ಲಿ ನೀರು ಬಂದರೂ ಸುದ್ದಿ, ಬಾರದಿದ್ದರೂ ಸುದ್ದಿ. ಮೇ ತಿಂಗಳು ಬಂತೆಂದರೆ ಟಿಪ್ಪು ಸತ್ತ ದಿನದ ಬಗ್ಗೆ ಏನಾದರೂ ಬರೆದು ಕಳಿಸಿ ಎಂದು ಫೋನ್ ಬರುತ್ತದೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ನಿಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಈಗಾಗಲೇ ಬೇಕಾದಷ್ಟು ನಡೆದಿದೆ. ಅದನ್ನು ಇಲ್ಲಿಗೆ ಎಳೆಯುವುದಿಲ್ಲ. ನಾವು ಹೇಳಹೊರಟಿರುವುದು ಒಂದು ಬಿಲ್ಲೆಯ ಕಥೆ. ಸಣ್ಣ ನಿಪ್ಪಟ್ಟಿನಷ್ಟು ಅಗಲದ ಬಿಲ್ಲೆ. ಆ ಯುದ್ಧದಲ್ಲಿ ದುಡಿದವರಿಗೆ ಅವರ ಧಣಿ ಕೊಟ್ಟದ್ದು.

ಧಣಿ ಯಾರು? ರಾಜನಲ್ಲ. ಈಸ್ಟ್ ಇಂಡಿಯಾ ಕಂಪನಿ, ನಮ್ಮ ಹಿರಿಯರ ಬಾಯಲ್ಲಿ ಕುಂಪಣಿ. ಲಂಡನ್ನಿನಲ್ಲಿ ಕಚೇರಿ, ಷೇರುದಾರರು, ಲೆಕ್ಕದ ಪುಸ್ತಕ ಎಲ್ಲ ಇದ್ದ ವ್ಯಾಪಾರದ ಸಂಸ್ಥೆ. ಮೆಣಸು, ಬಟ್ಟೆ, ಚಹಾ ಕೊಂಡು ಮಾರುತ್ತಿದ್ದವರೇ ಸಂಬಳ ಕೊಟ್ಟು ಸೈನ್ಯವನ್ನೂ ಇಟ್ಟುಕೊಂಡಿದ್ದರು. ಸಿಪಾಯಿ ಅಂದರೆ ಕುಂಪಣಿಯ ನೌಕರ. ಇವತ್ತು ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದವನಿಗೆ ಮಾಲೀಕರು ಗೋಡೆ ಗಡಿಯಾರ ಕೊಡುತ್ತಾರಲ್ಲ, ಈ ಪದಕವನ್ನೂ ಮೊದಲು ಹಾಗೆ ನೋಡಿ. ಆಮೇಲೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

1799ರ ಮೇ 4ಕ್ಕೆ ಹೋಗೋಣ. ನಾಲ್ಕನೇ ಮೈಸೂರು ಯುದ್ಧ. ಜನರಲ್ ಜಾರ್ಜ್ ಹ್ಯಾರಿಸ್ ಕೈಕೆಳಗೆ ಕುಂಪಣಿಯ ಮದ್ರಾಸ್ ಪಡೆ, ಬ್ರಿಟನ್ ರಾಜನ ಕೆಲವು ರೆಜಿಮೆಂಟು, ಹೈದರಾಬಾದ್ ನಿಜಾಮನ ಪಡೆ, ಪಶ್ಚಿಮದಿಂದ ಕೊಡಗಿನ ಮೇಲೆ ಬಂದ ಬೊಂಬಾಯಿ ಪಡೆ. ಎಲ್ಲ ಸೇರಿ ಸುಮಾರು 50 ಸಾವಿರ ಜನ, ಅವರಲ್ಲಿ ಹೆಚ್ಚಿನವರು ಈ ದೇಶದವರೇ. ಹ್ಯಾರಿಸ್‌ಗೆ ಎರಡು ಭಯ ಇತ್ತು. ಒಂದು, ದಂಡಿನಲ್ಲಿ ಅಕ್ಕಿ ಮುಗಿಯುತ್ತಿತ್ತು. ಎರಡು, ಕಾವೇರಿ. ಮಳೆ ಹಿಡಿದು ಹೊಳೆ ತುಂಬಿದರೆ ದ್ವೀಪದ ಕೋಟೆಗೆ ಕಾಲಿಡುವುದಕ್ಕಾಗುವುದಿಲ್ಲ. ಮೇ ತಿಂಗಳಲ್ಲಿ ಹೊಳೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬಂಡೆ ಎದ್ದು ಕಾಣುತ್ತದೆ.

ಫಿರಂಗಿ ಹೊಡೆದು ವಾಯವ್ಯ ಮೂಲೆಯ ಗೋಡೆಯಲ್ಲಿ ಬಿರುಕು ಮಾಡಿದ್ದರು. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ, ಕೋಟೆಯವರು ಊಟಕ್ಕೆ, ನೆರಳಿಗೆ ಸರಿಯುವ ಸಮಯ ನೋಡಿಕೊಂಡು, ಸುಮಾರು 4,400 ಜನ ಹೊಳೆಗೆ ಇಳಿದರು. ಮುಂದೆ ನಿಂತವನು ಡೇವಿಡ್ ಬೈರ್ಡ್. ಹಿಂದೊಮ್ಮೆ ಸೆರೆ ಸಿಕ್ಕಿ ಇದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಡಿ ಹಾಕಿಸಿಕೊಂಡು ಕೂತಿದ್ದವನು. ಹತ್ತು ನಿಮಿಷದೊಳಗೆ ಬಿರುಕಿನ ಮೇಲೆ ಬಾವುಟ ಏರಿತು. ಸಂಜೆ ಹೊತ್ತಿಗೆ ಟಿಪ್ಪು ಸತ್ತಿದ್ದ, ಕೋಟೆಯೊಳಗೆ ಸಾವಿರಾರು ಮೈಸೂರು ಸೈನಿಕರು ಸತ್ತಿದ್ದರು. ಆ ಬಿರುಕಿನ ಹತ್ತಿರ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ತಂಭ ಇವತ್ತಿಗೂ ಇದೆ. ಪ್ರವಾಸಿಗಳು ಅದರ ಕೆಳಗೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

ಆ ರಾತ್ರಿ ಊರು ಲೂಟಿಯಾಯಿತು. ಲೂಟಿಯಾಗದ ಮನೆಯೇ ಇಲ್ಲ ಅನ್ನುವಷ್ಟು. ಮರುದಿನ ಊರಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ (ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು) ಲೂಟಿ ನಿಲ್ಲಿಸಲು ನಾಲ್ವರನ್ನು ಗಲ್ಲಿಗೇರಿಸಿದ, ಹಲವರಿಗೆ ಚಾಟಿ ಹೊಡೆಸಿದ.

ಅದು ಸೈನಿಕರ ಲೂಟಿ, ಅದಕ್ಕೆ ನೇಣು. ಅರಮನೆಯ ಖಜಾನೆಯನ್ನು ತೂಕ ಹಾಕಿ, ಪಟ್ಟಿ ಮಾಡಿ, ಹುದ್ದೆಯ ಪ್ರಕಾರ ಹಂಚಿಕೊಂಡದ್ದಕ್ಕೆ ಬೇರೆ ಹೆಸರು, 'ಪ್ರೈಜ್ ಮನಿ'. ಅದು ಕಾನೂನು. ಅದರಲ್ಲಿ ಹ್ಯಾರಿಸ್ ಪಾಲಿಗೆ ಬಂದದ್ದು ಸುಮಾರು 1 ಲಕ್ಷ 42 ಸಾವಿರ ಪೌಂಡ್. ಬಿಳಿ ಸಾಮಾನ್ಯ ಸೈನಿಕನಿಗೆ ಸುಮಾರು 7 ಪೌಂಡ್. ಸಿಪಾಯಿಗೆ ಸುಮಾರು 5. ಮದ್ರಾಸಿನ ವರಾಹ ಒಂದಕ್ಕೆ 8 ಶಿಲ್ಲಿಂಗ್ ಲೆಕ್ಕ ಹಿಡಿದರೆ ಹನ್ನೆರಡು ಹನ್ನೆರಡೂವರೆ ವರಾಹ. ನಾವು ಮೊಬೈಲಿನಲ್ಲೇ ಭಾಗಿಸಿ ನೋಡಿದೆವು. ಒಬ್ಬ ಜನರಲ್‌ನ ಪಾಲು 28 ಸಾವಿರ ಸಿಪಾಯಿಗಳ ಪಾಲಿಗೆ ಸಮ. ಎಂಟರಲ್ಲಿ ಒಂದು ಪಾಲು ತೆಗೆದುಕೊಂಡದ್ದು ಜಾಸ್ತಿಯಾಯಿತು ಎಂದು ಕುಂಪಣಿಯೇ ಹ್ಯಾರಿಸ್ ಮೇಲೆ ತಕರಾರು ತೆಗೆಯಿತು. ಅದು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು, ಗೆದ್ದವನು ಹ್ಯಾರಿಸ್. 1815ರಲ್ಲಿ ಅವನು 'ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್' ಆದ. ಊರಿನ ಹೆಸರೂ ಅವನಿಗೇ.

ಈಗ ಪದಕಕ್ಕೆ ಬರೋಣ.

ಕುಂಪಣಿ ತನ್ನ ಸಿಪಾಯಿಗಳಿಗೆ ಪದಕ ಕೊಟ್ಟದ್ದು ಇದೇ ಮೊದಲಲ್ಲ. ಹೈದರನ ಕಾಲದ ಯುದ್ಧಕ್ಕೇ 'ಡೆಕ್ಕನ್ ಪದಕ' ಎಂದು ಒಂದಿತ್ತು. ಅದರ ನಂತರದ್ದು 1791-92ರ ಮೈಸೂರು ಯುದ್ಧದ ಪದಕ, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆ ಕಳಿಸಿದನಲ್ಲ, ಆ ಯುದ್ಧ. ಆ ಪದಕ ಬಂಗಾಳದಿಂದ ಬಂದ ಪಡೆಯ ಭಾರತೀಯರಿಗೆ ಮಾತ್ರ. ಮದ್ರಾಸಿನ ಸಿಪಾಯಿಗಳಿಗೆ ಇಲ್ಲ, ಬಿಳಿಯರಿಗೂ ಇಲ್ಲ. ಸುಬೇದಾರರಿಗೆ ಚಿನ್ನ. ಹವಾಲ್ದಾರ, ನಾಯಕ, ಸಾಮಾನ್ಯ ಸಿಪಾಯಿಗೆ ಬೆಳ್ಳಿ.

ಅದರ ಮುಖದ ಮೇಲಿನ ಚಿತ್ರ ಗಮನಿಸಿ. ಒಬ್ಬ ಸಿಪಾಯಿ ನೆಟ್ಟಗೆ ನಿಂತಿದ್ದಾನೆ, ಕೈಯಲ್ಲಿ ಬಾವುಟ, ಉರುಳಿಬಿದ್ದ ಫಿರಂಗಿಯ ಮೇಲೆ ಕಾಲು, ಹಿಂದೆ ಕೋಟೆ. ಗೆದ್ದವನು ಯಾರು ಎಂದು ಕೇಳಿದರೆ ಪದಕ ಸಿಪಾಯಿಯನ್ನು ತೋರಿಸುತ್ತದೆ. ಅವನು ಹೋರಾಡಿದ್ದು ನಮ್ಮ ಸೀಮೆಯ ಮೇಲೆ, ಆ ಮಾತು ಬೇರೆ. ಆದರೆ ಧಣಿ ನೌಕರನ ಮುಖ ನೋಡಿದ್ದ.

1799ರ ಪದಕದಲ್ಲಿ ಸಿಪಾಯಿ ಮುಂದಿಲ್ಲ. ಅವನ ಜಾಗಕ್ಕೆ ಸಿಂಹ ಬಂತು.

ಬರ್ಮಿಂಗ್‌ಹ್ಯಾಮ್ ಹತ್ತಿರ ಮ್ಯಾಥ್ಯೂ ಬೌಲ್ಟನ್ ಎಂಬ ಉದ್ಯಮಿಯ ಸೋಹೋ ಟಂಕಸಾಲೆ ಇತ್ತು. ಜೇಮ್ಸ್ ವ್ಯಾಟ್ ಜೊತೆ ಸೇರಿ ಉಗಿಯಂತ್ರ ಮಾಡಿ ಮಾರಿದ ಅದೇ ಬೌಲ್ಟನ್. ಉಗಿಯ ಬಲದಿಂದ ಸಾವಿರಗಟ್ಟಲೆ ನಾಣ್ಯ ಒತ್ತುವುದು ಅಲ್ಲಿನ ಕೆಲಸ. ಅಲ್ಲಿ ಕ್ಯೂಶ್ಲರ್ ಎಂಬ ಜರ್ಮನ್ ಕೆತ್ತನೆಗಾರ ಈ ಪದಕದ ಅಚ್ಚು ಕೆತ್ತಿದ. ಒಂದು ಬದಿಯಲ್ಲಿ ಬ್ರಿಟನ್ನಿನ ಸಿಂಹ ಹುಲಿಯನ್ನು ಅಂಗಾತ ಕೆಡವಿ ಮೇಲೇರಿದೆ. ಹುಲಿ ಎಂದರೆ ಟಿಪ್ಪು. ಇನ್ನೊಂದು ಬದಿಯಲ್ಲಿ ಕೋಟೆಗೆ ನುಗ್ಗುವ ದೃಶ್ಯ, ಮೇಲೆ ನೆತ್ತಿಯ ಸೂರ್ಯ. ಮಧ್ಯಾಹ್ನದ ದಾಳಿ ಎಂಬುದನ್ನು ಮರೆತಿಲ್ಲ. ನುಗ್ಗುವವರು ಇರುವೆ ಸಾಲಿನ ಹಾಗೆ. ಯಾರು ಸಿಪಾಯಿ, ಯಾರು ಗೋರಾ ಎಂದು ಬೆರಳಿಟ್ಟು ತೋರಿಸುವ ಹಾಗಿಲ್ಲ.

ಸಿಂಹದ ಹಿಂದಿನ ಬಾವುಟದ ಮೇಲೆ ಅರಬ್ಬಿ ಬರಹ ಇದೆ: 'ಅಸದುಲ್ಲಾ ಅಲ್ ಗಾಲಿಬ್'. ದೇವರ ಸಿಂಹ, ಗೆಲ್ಲುವವನು ಎಂದು ಅರ್ಥ. ಇದು ಟಿಪ್ಪುವಿನದೇ ಮಾತು! ಅವನ ಬಾವುಟ, ಆಯುಧಗಳ ಮೇಲೆ ಇದೇ ಅಕ್ಷರಗಳನ್ನು ಹುಲಿಮುಖದ ಆಕಾರದಲ್ಲಿ ಬರೆಸುತ್ತಿದ್ದ. ಸೋತವನ ಮಾತನ್ನು ಕಿತ್ತುಕೊಂಡು ಗೆದ್ದವನ ಬಾವುಟಕ್ಕೆ ಅಂಟಿಸಿದರು. ಹಿಂಬದಿಯ ಪಾರ್ಸಿ ಸಾಲು ಶ್ರೀರಂಗಪಟ್ಟಣ ದೇವರು ಕೊಟ್ಟದ್ದು ಎನ್ನುತ್ತದೆ. ಟಿಪ್ಪು ತನ್ನ ಆಡಳಿತವನ್ನು ಕರೆಯುತ್ತಿದ್ದದ್ದು 'ಸರ್ಕಾರ್-ಎ-ಖುದಾದಾದ್', ದೇವರು ಕೊಟ್ಟ ಸರ್ಕಾರ ಎಂದು. ಚಿತ್ರ ಬರೆಸಿದವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ತೆಲುಗು, ತಮಿಳು, ದಖನಿ ಮಾತಾಡುವ ಮದ್ರಾಸ್ ಪಡೆಯಲ್ಲಿ ಪಾರ್ಸಿ ಓದಬಲ್ಲ ಸಿಪಾಯಿಗಳು ಎಷ್ಟಿದ್ದಾರು, ಅದು ಬೇರೆ ವಿಷಯ.

ಲೋಹದ ವಿಷಯ ಇನ್ನೂ ಸ್ಪಷ್ಟ. ಅತಿ ದೊಡ್ಡವರಿಗೆ ಚಿನ್ನ. ಅವರ ಕೆಳಗಿನ ದೊಡ್ಡ ಅಧಿಕಾರಿಗಳಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಅಂಥವು 185. ಉಳಿದ ಅಧಿಕಾರಿಗಳಿಗೆ ಬೆಳ್ಳಿ. ಅದರ ಕೆಳಗೆ ತಾಮ್ರ, ಸುಮಾರು 5 ಸಾವಿರ. ಎಲ್ಲರಿಗಿಂತ ಕೆಳಗೆ, ಬಂದೂಕು ಹೊತ್ತು ಹೊಳೆಗಿಳಿದ ಸಾಮಾನ್ಯ ಸೈನಿಕನಿಗೆ, ಬಿಳಿಯನಿರಲಿ ಸಿಪಾಯಿಯಿರಲಿ, ತವರ. ಸುಮಾರು 45 ಸಾವಿರ ತವರದ ಬಿಲ್ಲೆ.

ತವರ ಯಾವುದು ಎಂದು ಹುಡುಗರಿಗೆ ಗೊತ್ತಿಲ್ಲದಿದ್ದರೆ ಮನೆಯ ಅಜ್ಜಿಯನ್ನು ಕೇಳಲಿ. ಊರಿಗೆ ಬರುತ್ತಿದ್ದ ಕಲಾಯಿಯವನು ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕಾಯಿಸಿ, ಒಳಗೆ ಒರೆಸುತ್ತಿದ್ದದ್ದು ಅದೇ. ಮೆದು ಲೋಹ, ಬೆಂಕಿಗೆ ಬೇಗ ಕರಗುತ್ತದೆ. ಹೊಸದರಲ್ಲಿ ಬೆಳ್ಳಿಯ ಹಾಗೆ ಫಳಫಳ, ಆಮೇಲೆ ಮಂಕು. ಬಿದ್ದರೆ ಅಂಚು ನುಗ್ಗಾಗುತ್ತದೆ, ಉಜ್ಜಿದರೆ ಚಿತ್ರ ಸವೆಯುತ್ತದೆ.

ಲೋಹ ನೋಡಿ ಸಿಟ್ಟಾದವರು ಬೇರೆಡೆಯೂ ಇದ್ದರು. ಇದೇ ಬೌಲ್ಟನ್ 1805ರ ಟ್ರಫಾಲ್ಗರ್ ಸಮುದ್ರ ಯುದ್ಧದ ನಂತರ ತನ್ನ ಖರ್ಚಿನಲ್ಲಿ ಬ್ರಿಟಿಷ್ ನಾವಿಕರಿಗೆ ಪದಕ ಹಂಚಿದಾಗ, ಅಗ್ಗದ ಲೋಹ ಎಂದು ಕೆಲವರು ಅದನ್ನು ಸಮುದ್ರಕ್ಕೇ ಎಸೆದರು ಎಂಬ ಮಾತಿದೆ.

ಕುಂಪಣಿಯ ಪರವಾಗಿಯೂ ಒಂದು ಮಾತು ಹೇಳಬೇಕು. 1792ರಲ್ಲಿ ಒಂದು ಪಡೆಗೆ ಮಾತ್ರ ಕೊಟ್ಟಿದ್ದರು, ಈ ಸಲ ಎಲ್ಲರಿಗೂ ಕೊಟ್ಟರು. ಸಾಮಾನ್ಯ ಗೋರಾ ಸೈನಿಕನಿಗೂ ತವರವೇ, ಅಲ್ಲಿ ಬಣ್ಣ ನೋಡಲಿಲ್ಲ. 1801ರಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋದ ಸಿಪಾಯಿಗಳಿಗೆ ಮತ್ತೆ ಬೆಳ್ಳಿ ಪದಕವೇ ಬಂತು, ಅದರ ಮುಖದಲ್ಲಿ ಸಿಪಾಯಿಯೂ ವಾಪಸ್ ಬಂದ. ಅವರು ಎರಡು ಸಾವಿರ ಚಿಲ್ಲರೆ ಜನ. ಇಲ್ಲಿ ನಲವತ್ತೈದು ಸಾವಿರ. ಲೆಕ್ಕದ ಪುಸ್ತಕ ಇಟ್ಟವರಿಗೆ ಅಷ್ಟು ಬೆಳ್ಳಿ ಎಂದರೆ ಎಷ್ಟು ಎಂದು ಗೊತ್ತಿರುತ್ತದೆ. ನಮಗೆ ಅನ್ನಿಸುವುದು ಇಷ್ಟೇ: ಅದೇ ಕೋಟೆಯ ಖಜಾನೆಯಿಂದ ಒಬ್ಬನಿಗೆ 1 ಲಕ್ಷ 42 ಸಾವಿರ ಪೌಂಡ್ ಎಣಿಸಿಕೊಟ್ಟವರಿಗೆ ಬೆಳ್ಳಿ ತುಟ್ಟಿಯಾಯಿತೇ?

ತುಟ್ಟಿಯಷ್ಟೇ ಅಲ್ಲ, ತಡವೂ ಆಯಿತು. ಕೋಟೆ ಬಿದ್ದದ್ದು 1799ರಲ್ಲಿ. ಪದಕ ಸೈನಿಕರ ಕೈಗೆ ಸಿಕ್ಕಿದ್ದು 1808ರಲ್ಲಿ. ಒಂಬತ್ತು ವರ್ಷ!

ಆ ನಡುವೆ ಏನಾಯಿತು ಎಂದರೆ, 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ಇದೇ ಮದ್ರಾಸ್ ಪಡೆಯ ಸಿಪಾಯಿಗಳು ತಿರುಗಿಬಿದ್ದರು. ಸಮವಸ್ತ್ರದಲ್ಲಿರುವಾಗ ಹಣೆಗೆ ನಾಮ, ವಿಭೂತಿ ಹಚ್ಚಬಾರದು, ಕಿವಿಗೆ ಓಲೆ ಹಾಕಬಾರದು, ಗಡ್ಡ ಬಿಡಬಾರದು, ಚರ್ಮದ ಗುಂಜು ಇರುವ ಹೊಸ ಪೇಟ ಹಾಕಬೇಕು ಎಂದು ಅಪ್ಪಣೆಯಾಗಿತ್ತು. ಟಿಪ್ಪುವಿನ ಮಕ್ಕಳನ್ನು ಅದೇ ಕೋಟೆಯಲ್ಲಿ ಇಟ್ಟಿದ್ದರು. ಸಿಪಾಯಿಗಳು ನೂರಕ್ಕೂ ಹೆಚ್ಚು ಗೋರಾಗಳನ್ನು ಕೊಂದು ಮೈಸೂರಿನ ಹುಲಿ ಬಾವುಟ ಏರಿಸಿದರು. ಹುಲಿಯನ್ನು ಕೆಡವಿದ್ದಕ್ಕೆ ಪದಕ ಬರಬೇಕಾಗಿದ್ದ ಪಡೆಯ ಜನ ಹುಲಿಯ ಬಾವುಟ ಏರಿಸಿದರು! ಆರ್ಕಾಟಿನಿಂದ ಕುದುರೆ ಪಡೆ ಬಂದು ಅದೇ ದಿನ ದಂಗೆ ಅಡಗಿಸಿತು. ಸತ್ತ ಸಿಪಾಯಿಗಳು ಸುಮಾರು 350. ಅಪ್ಪಣೆ ರದ್ದಾಯಿತು, ಮದ್ರಾಸ್ ಗವರ್ನರ್ ಬೆಂಟಿಂಕ್‌ನನ್ನು ವಾಪಸ್ ಕರೆಸಿಕೊಂಡರು. ಎರಡು ವರ್ಷ ಕಳೆದ ಮೇಲೆ ತವರದ ಬಿಲ್ಲೆಗಳು ಬಂದವು.

ಅದೇ 1808ರಲ್ಲಿ ಲಂಡನ್ನಿನ ಕುಂಪಣಿ ಕಚೇರಿಯಲ್ಲಿ ಟಿಪ್ಪುವಿನ ಮರದ ಹುಲಿಯನ್ನು ಜನರ ನೋಟಕ್ಕೆ ಇಟ್ಟರು. ಬಿಳಿಯನ ಮೇಲೆ ಎರಗಿ ಕುಳಿತಿರುವ, ಹಿಡಿ ತಿರುಗಿಸಿದರೆ ಗುರುಗುಡುವ ಆ ಗೊಂಬೆ ಈಗ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಲ್ಲಿ ಹುಲಿ ಮೇಲೆ, ಪದಕದಲ್ಲಿ ಹುಲಿ ಕೆಳಗೆ.

ಇನ್ನೊಂದು ಸಣ್ಣ ವಿಷಯ ಉಳಿದಿದೆ, ನಮಗೆ ಹೆಚ್ಚು ಕಾಡಿದ್ದು ಅದೇ. ಈ ಪದಕಗಳ ಅಂಚಿನಲ್ಲಿ ಯಾರ ಹೆಸರನ್ನೂ ಕೆತ್ತಿಸಿ ಕೊಡಲಿಲ್ಲ. ನೇತುಹಾಕಿಕೊಳ್ಳಲು ಕೊಂಡಿಯನ್ನೂ ಕೊಡಲಿಲ್ಲ. 1792ರ ಪದಕಕ್ಕೆ ಕೊಂಡಿ ಇತ್ತು, ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವ ಹಾಗಿತ್ತು. ಇದು ಬರೀ ಬಿಲ್ಲೆ. ಅನುಕೂಲವಿದ್ದ ಅಧಿಕಾರಿಗಳು ಅಕ್ಕಸಾಲಿಗನ ಹತ್ತಿರ ಬಳೆ ಬೆಸೆಸಿ, ಹೆಸರು ಕೆತ್ತಿಸಿ, ರಿಬ್ಬನ್ ಹಾಕಿಸಿಕೊಂಡರು. ಸಂಗ್ರಹಗಳಲ್ಲಿ ಉಳಿದಿರುವ ತವರದ ಪದಕಗಳಲ್ಲಿ ಕೆಲವಕ್ಕೆ ಮೇಲಿನ ಅಂಚಿನಲ್ಲಿ ಒಂದು ತೂತು ಇದೆ. ಸಿಂಹದ ತಲೆಯ ಹತ್ತಿರ, ಬಾವುಟದ ಪಕ್ಕ, ಯಾರೋ ತಮ್ಮ ಕೈಯಾರೆ ಕೊರೆದು ದಾರ ಹಾಕಿಕೊಂಡ ತೂತು.