ಕಾರು ಆಯಿಲ್ ಕುಡಿಯುತ್ತಿದೆಯೇ? ಎಂಜಿನ್ ಬಿಚ್ಚುವ ಮೊದಲು ಇದನ್ನು ಓದಿ

"ಆಯಿಲ್ ಕಡಿಮೆಯಾಗುತ್ತಿದ್ದರೆ ಎಂಜಿನ್ ಹೋಯಿತು ಎಂದರ್ಥ. ದಪ್ಪ ಆಯಿಲ್ ಹಾಕಿ, ಸರಿಹೋಗುತ್ತದೆ." ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆ ಸಿಗುವುದು ಹೊಸದಲ್ಲ. ಇದು ಎಷ್ಟು ನಿಜ ಎಂದು ನೋಡೋಣ.

ಎಷ್ಟು ಕಡಿಮೆಯಾದರೆ ಸಹಜ?

ಪ್ರತಿ ಎಂಜಿನ್ನೂ ಸ್ವಲ್ಪ ಆಯಿಲ್ ಸುಡುತ್ತದೆ. ಹೆಚ್ಚು ಆರ್‌ಪಿಎಂನಲ್ಲಿ ಓಡುವ ಸ್ಪೋರ್ಟ್ಸ್ ಕಾರು, ಟರ್ಬೊ ಕಾರುಗಳಲ್ಲಿ ಇದು ಇನ್ನೂ ಜಾಸ್ತಿ. ಫೋಕ್ಸ್‌ವ್ಯಾಗನ್‌ನ ಹಲವು ಕೈಪಿಡಿಗಳು 1,000 ಕಿ.ಮೀ.ಗೆ 0.5 ಲೀಟರ್‌ವರೆಗೆ ಖರ್ಚಾಗಬಹುದು ಎನ್ನುತ್ತವೆ. ಮಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್ ಒಳಗಿನ ಸೀಲುಗಳಿಗಾಗಿ ಬೇಕೆಂದೇ ಆಯಿಲ್ ಸುಡುತ್ತದೆ.

ಮೊದಲು ಅಳೆಯಿರಿ

ಸಮತಟ್ಟು ಜಾಗದಲ್ಲಿ ಬಿಸಿ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತಿನವರೆಗೆ ಆಯಿಲ್ ತುಂಬಿಸಿ, ಕಿ.ಮೀ. ಬರೆದಿಡಿ. 1,000 ಕಿ.ಮೀ. ಆದ ಮೇಲೆ ಅದೇ ಜಾಗದಲ್ಲಿ, ಅದೇ ಗುರುತಿಗೆ ಬರಲು ಎಷ್ಟು ಹಾಕಬೇಕಾಯಿತೋ ಅದೇ ಖರ್ಚು.

ಹಂಪನಕಟ್ಟೆ, ಕಂಕನಾಡಿ ಎಂದು ಊರೊಳಗೇ ಓಡುವ ಕಾರಿನ ಆಯಿಲ್‌ಗೆ ಪೆಟ್ರೋಲ್ ಮತ್ತು ತೇವ ಸೇರಿ ಮಟ್ಟ ಇಳಿಯದಂತೆ ಕಾಣಬಹುದು. ಬೆಂಗಳೂರಿಗೆ ಒಮ್ಮೆ ಹೋಗಿ ಬಂದಾಗ ಅದು ಆವಿಯಾಗಿ, ಮಟ್ಟ ದಿಢೀರನೆ ಇಳಿದಂತೆ ತೋರುತ್ತದೆ. ಗಾಬರಿ ಬೇಡ, ಮತ್ತೊಮ್ಮೆ ಅಳೆಯಿರಿ.

ಎಲ್ಲಿಗೆ ಹೋಗುತ್ತಿದೆ?

• ಪಾರ್ಕ್ ಮಾಡಿದ ಜಾಗದಲ್ಲಿ ಕಲೆ ಇದ್ದರೆ ಸೋರಿಕೆ.

• ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ.

• ಪೆಟ್ರೋಲ್ ಕಾರಿನಲ್ಲಿ ಶಿರಾಡಿ ಘಾಟ್ ಇಳಿಯುವಾಗ, ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ, ಎಂಜಿನ್ ಗಾಳಿ ಎಳೆಯುವ ಕಡೆ ನಿರ್ವಾತ ಹೆಚ್ಚುತ್ತದೆ. ಸವೆದ ಸೀಲಿನಿಂದ ಆಯಿಲ್ ಒಳಗೆ ಬರುತ್ತದೆ. ಗುಂಡ್ಯದ ಬಳಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂತೇ ಎಂದು ಹಿಂದಿನ ಕಾರಿನವರನ್ನು ಕೇಳಿ.

• ವೇಗ ಹೆಚ್ಚಿಸಿದಷ್ಟೂ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು.

• ಹೊಗೆಯೇ ಕಾಣದಿದ್ದರೂ ಪಿಸಿವಿ ವಾಲ್ವ್ ಕಟ್ಟಿಕೊಂಡಿರಬಹುದು. ಎಂಜಿನ್ ಕೆಲಸಕ್ಕೆ ಹೋಲಿಸಿದರೆ ಇದರ ಖರ್ಚು ಬಹಳ ಕಡಿಮೆ, ಆದ್ದರಿಂದ ಇದನ್ನೇ ಮೊದಲು ನೋಡಿಸಿ.

ಎಂಜಿನ್ ಬಿಚ್ಚಬೇಕು ಎಂದು ಮೆಕ್ಯಾನಿಕ್ ಹೇಳಿದರೆ, ಮೊದಲು ಕಂಪ್ರೆಷನ್ ಮತ್ತು ಲೀಕ್-ಡೌನ್ ಪರೀಕ್ಷೆ ಮಾಡಿಸಿ. ಸೀಲ್ ಮಾತ್ರ ಹೋಗಿದ್ದರೆ ಬೋರ್ ಮಾಡಿಸುವ ಅಗತ್ಯವಿಲ್ಲ.

ದಪ್ಪ ಆಯಿಲ್?

ಖರ್ಚು ಸ್ವಲ್ಪ ತಗ್ಗಬಹುದು, ಕಾಯಿಲೆ ಹಾಗೇ ಉಳಿಯುತ್ತದೆ. ಕಿರಿದಾದ ದಾರಿಗಳಿರುವ ಹೊಸ ಎಂಜಿನ್‌ಗಳಲ್ಲಿ ದಪ್ಪ ಆಯಿಲ್ ಸ್ಟಾರ್ಟ್ ಆದ ಕೂಡಲೇ ಎಲ್ಲೆಡೆ ತಲುಪುವುದಿಲ್ಲ. ಕೈಪಿಡಿ ಹೇಳಿದ ಗ್ರೇಡ್ ಅನ್ನೇ ಬಳಸಿ.

ಕೆಂಪು ದೀಪ

ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಅದು ಹೊತ್ತಿದರೆ "ಗ್ಯಾರೇಜ್‌ವರೆಗೆ ಹೋಗೋಣ" ಎನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಆ ಕೆಲವು ನಿಮಿಷಗಳಲ್ಲೇ ಬೇರಿಂಗ್ ಹಾಳಾಗಬಹುದು.

ನಮ್ಮ ತೀರ್ಮಾನ: ಫಾರ್ವರ್ಡ್ ಅರ್ಧ ಸತ್ಯ. ಆಯಿಲ್ ಇಳಿಯುವುದು ಎಚ್ಚರಿಕೆ ಹೌದು, ಎಂಜಿನ್ ಹೋಯಿತು ಎಂಬ ತೀರ್ಪಲ್ಲ. ಅಂಥ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ.