ಆಟೋ ಕೋನಿಗ್ಸ್‌ಬರ್ಗರ್

ಆಟೋ ಕೋನಿಗ್ಸ್‌ಬರ್ಗರ್ (1908–1999) ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿ; ಉಷ್ಣವಲಯದ ಕಟ್ಟಡ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಹುಟ್ಟಿದ್ದು, ಓದಿದ್ದು ಬರ್ಲಿನ್‌ನಲ್ಲಿ. ಯೆಹೂದಿ ಮೂಲದವರೆಂದು ನಾಜಿ ಆಡಳಿತ 1933ರಲ್ಲಿ ಕೆಲಸದಿಂದ ತೆಗೆದಾಗ ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. 1939ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ಆಗ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಗುಮ್ಮಟ, ಕಮಾನುಗಳೆಂದರೆ ಪ್ರೀತಿ. ಕೋನಿಗ್ಸ್‌ಬರ್ಗರ್ ಅವರಿಗೆ ನೆರಳು, ಗಾಳಿಗಳ ಲೆಕ್ಕಾಚಾರ. ಇಬ್ಬರ ಅಭಿರುಚಿ ಕೂಡಿಬರಲಿಲ್ಲ.

ಯಂತ್ರಕ್ಕೆ ತಕ್ಕ ಮನೆ ಕಟ್ಟುವ ಕೆಲಸವನ್ನು ಕನ್ನಡನಾಡಿನಲ್ಲಿ ಅಷ್ಟು ಮೊದಲೇ ಮಾಡಿದವರು ಅಪರೂಪ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಲೋಹವಿಜ್ಞಾನ ವಿಭಾಗ, ಭೋಜನಶಾಲೆಗಳ ಜೊತೆಗೆ ವಾಯುಚಲನ ಪ್ರಯೋಗಾಲಯವೂ ಇವರ ವಿನ್ಯಾಸ. ಫ್ಯಾನು ತಳ್ಳಿದ ಗಾಳಿ ವಿಮಾನದ ಮಾದರಿಯನ್ನು ಹಾದು, ಸುತ್ತಿಬಳಸಿ ಮತ್ತೆ ಫ್ಯಾನಿಗೇ ಬರುವ ಗಾಳಿಸುರಂಗಕ್ಕೆ ಅಲ್ಲಿ ಜಾಗ ಒದಗಿಸಬೇಕಿತ್ತು. ಕಲಾಸಿಪಾಳ್ಯದ ಬಸ್ ನಿಲ್ದಾಣವೂ ಇವರದೇ.

ಉಕ್ಕಿನ ಊರುಗಳ ನಂಟೂ ಇತ್ತು. ಜಮ್‌ಶೆಡ್‌ಪುರದಂತೆ ಭದ್ರಾವತಿಗೂ ನಗರಯೋಜನೆ ತಯಾರಿಸಿದರು. 1948ರಲ್ಲಿ ಭುವನೇಶ್ವರದ ಯೋಜನೆ ಬರೆದು, ಅದೇ ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶವಿಭಜನೆಯ ನಿರಾಶ್ರಿತರಿಗಾಗಿ ಗೋಡೆಗಳನ್ನು ಕಾರ್ಖಾನೆಯಲ್ಲೇ ಅಚ್ಚುಹಾಕಿ ಜೋಡಿಸುವ ದೆಹಲಿಯ ಯೋಜನೆ ಮಾತ್ರ ನೆಲಕಚ್ಚಿತು. ಸಂಸತ್ತಿನಲ್ಲೂ ಟೀಕೆಗೆ ಗುರಿಯಾಯಿತು. 1951ರಲ್ಲಿ ಲಂಡನ್ನಿಗೆ ಹೊರಟರು.

ಅಲ್ಲಿ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನ ಉಷ್ಣವಲಯ ವಾಸ್ತುಶಿಲ್ಪ ವಿಭಾಗವನ್ನು ಬೆಳೆಸಿದರು. ಸಹೋದ್ಯೋಗಿಗಳಾದ ಮಹೋನಿ, ಇವಾನ್ಸ್ ಜೊತೆ ರೂಪಿಸಿದ ‘ಮಹೋನಿ ಕೋಷ್ಟಕ’ಗಳು ಇಂದಿಗೂ ಪಾಠವಾಗಿವೆ. ಊರಿನ ತಿಂಗಳುವಾರು ಉಷ್ಣತೆ, ತೇವಾಂಶ, ಮಳೆಯನ್ನು ಅದರಲ್ಲಿ ತುಂಬಿ ಎಣಿಸಿದರೆ ಸಾಕು. ಮನೆ ಯಾವ ದಿಕ್ಕಿಗೆ ಚಾಚಿರಬೇಕು, ಕಿಟಕಿ ಎಷ್ಟಗಲ, ಗೋಡೆ ದಪ್ಪವೋ ತೆಳುವೋ ಎಂಬುದು ಹೊರಬೀಳುತ್ತದೆ. 1974ರ ಇವರ ಉಷ್ಣವಲಯದ ಗೃಹನಿರ್ಮಾಣ ಕೈಪಿಡಿಯೂ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಬಹುಕಾಲ ಪಠ್ಯವಾಗಿತ್ತು. ಲಂಡನ್ನಿನಲ್ಲಿ ಕಲಿಸಿದ್ದರ ಬಹುಪಾಲಿಗೆ ಬೆಂಗಳೂರಿನ ಒಂಬತ್ತು ವರ್ಷಗಳ ಕಟ್ಟಡಗಳೇ ಪೂರ್ವಸಿದ್ಧತೆ. ಆ ಋಣವನ್ನು ಕನ್ನಡದ ಕಟ್ಟಡ ಚರಿತ್ರೆ ಇನ್ನೂ ಸರಿಯಾಗಿ ದಾಖಲಿಸಿಕೊಂಡಿಲ್ಲ.